ಹುಲಿಗೆಮ್ಮಜ್ಜಿಯ ಮೂವತ್ತೆಂಟು ಸೆಕೆಂಡು

ಹೊಸ ಎಣಿಕೆಯ ೨೧೭ನೇ ವರ್ಷ, ಹದಿಮೂರನೇ ತಿಂಗಳು, ಮೂವತ್ತೊಂಬತ್ತನೇ ದಿನ
ಏಳನೇ ಮೆಟ್ಟಿಲು, ಕೆಂಗುಂಡಿ

ಪೂಜ್ಯ ಹುಲಿಗೆಮ್ಮಜ್ಜಿಯವರಿಗೂ ಗಾದಿಲಿಂಗಪ್ಪಜ್ಜನವರಿಗೂ ನಿಮ್ಮ ಒಂಬತ್ತನೇ ತಲೆಮಾರಿನ ಮೊಮ್ಮಗಳು ನೀಲಗಂಗಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಇವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮಲ್ಲಿ ತಿಂಗಳನ್ನು ಚಂದ್ರನನ್ನು ನೋಡಿ ಎಣಿಸುವುದಿಲ್ಲ, ಕೆರೆ ನೋಡಿ ಎಣಿಸುತ್ತೇವೆ. ನೀರು ಒಂದು ಗೇಣು ಇಳಿದರೆ ಒಂದು ತಿಂಗಳು ಮುಗಿಯಿತು. ಮೋಡ ಕವಿದ ವರ್ಷ ಒಂದೊಂದು ತಿಂಗಳು ಐವತ್ತು ದಿನ ಎಳೆಯುವುದೂ ಉಂಟು. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸೀತು. ನಿಮಗೆ ಗೊತ್ತಿಲ್ಲದ ಮಾತು ಬಂದಾಗ ಅಲ್ಲೇ ಬಿಡಿಸಿ ಹೇಳುತ್ತೇನೆ. ಗೊತ್ತಿರುವ ಮಾತನ್ನೇ ನಾನು ಬೇರೆ ರೀತಿ ಬಳಸಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಇನ್ನೊಂದು ವಿಷಯ. ನಿಮ್ಮ ದನಿ ಕೇಳಿದರೆ ನಿಮಗೆ ಮೂವತ್ತು ದಾಟಿದಂತಿಲ್ಲ, ನನಗೆ ಐವತ್ತೆರಡು. ಆದರೂ ಅಜ್ಜಿ ಎಂದೇ ಕರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಕಾಲದಲ್ಲಿ ಸಂಡೂರಿನ ಬೆಟ್ಟಗಳನ್ನು ಅಗೆದು ಅದಿರನ್ನು ಲಾರಿ ತುಂಬಿ ಕಳಿಸುತ್ತಿದ್ದರಲ್ಲ, ಆಗ ಉಳಿದ ಗುಂಡಿಗಳಲ್ಲೊಂದು ಈಗ ನಮ್ಮ ಊರು. ಯಂತ್ರಗಳು ಓಡಾಡಲು ಗುಂಡಿಯ ಸುತ್ತ ಕೊರೆದಿದ್ದ ಮೆಟ್ಟಿಲುಗಳು ಎಷ್ಟು ಅಗಲವಿದ್ದವೆಂದರೆ ಈಗ ಅವುಗಳ ಮೇಲೆ ಬೀದಿಯೂ ಮನೆಯೂ ಕುರಿಹಟ್ಟಿಯೂ ಇವೆ. ಒಟ್ಟು ಒಂಬತ್ತು ಮೆಟ್ಟಿಲು, ತಳದಲ್ಲಿ ಕೆರೆ. ಮೇಲಿನ ಇಳಿಜಾರಿನ ತುಂಬ ಬಿಸಿಲುಹಾಳೆ ಹಾಸಿದ್ದೇವೆ. ಬಿಸಿಲುಹಾಳೆ ಎಂದರೆ ಬಿಸಿಲು ಕುಡಿದು ಕರೆಂಟು ಕೊಡುವ ಬಟ್ಟೆ. ಗಾಳಿಗೆ ಹರಿಯುತ್ತದೆ, ಮಂಗಗಳು ಕೀಳುತ್ತವೆ. ಅದನ್ನು ಹೊಲಿದು ಸರಿಮಾಡುವುದು ನನ್ನ ಕೆಲಸ. ಕೆರೆಯ ನೀರನ್ನು ಮೆಟ್ಟಿಲುಗಳಿಗೆ ಏರಿಸುವ ಪಂಪ್‌ಮನೆ ನೋಡಿಕೊಳ್ಳುವುದು ನನ್ನ ಗಂಡ ಜಂಬಯ್ಯನ ಕೆಲಸ. ನಾವು ಹಳಬರಿಗೆ ಕಾಗದ ಬರೆದರೆ ನಿಮ್ಮವರು ಬಿಟ್ಟುಹೋದ ಒಂದು ಕೊರೆಬಾವಿಯೊಳಗೆ ಹಾಕುತ್ತೇವೆ. ಕೆಳಗೆ ಹೋದಷ್ಟೂ ಹಳೆಯ ಕಾಲ ಎಂದು ಗುಂಡಿಯಲ್ಲಿ ಹುಟ್ಟಿದ ನಾವು ನಂಬುತ್ತೇವೆ. ನನಗೆ ಮಾತ್ರ ಆ ನಂಬಿಕೆ ಅಷ್ಟಕ್ಕಷ್ಟೇ. ನಾನು ಹುಟ್ಟಾ ಅನುಮಾನದವಳು. ಮದುವೆಯ ದಿನ ತಾಳಿಯ ಗಂಟನ್ನು ಎಳೆದು ನೋಡಿದವಳು ಎಂದು ನನ್ನ ಅತ್ತೆ ಸಾಯುವವರೆಗೂ ಹೇಳಿಕೊಂಡು ನಗುತ್ತಿದ್ದರು.

ನಿಮ್ಮ ಫೋನು ನಮ್ಮ ಮನೆತನದಲ್ಲಿ ಕೈಯಿಂದ ಕೈಗೆ ಬಂದಿದೆ. ಗಾಜು ಒಡೆದಿದೆ, ಚಿತ್ರಗಳೆಲ್ಲ ಹೋಗಿವೆ, ನಿಮ್ಮ ದನಿಯ ಹನ್ನೊಂದು ನಿಮಿಷ ಮಾತ್ರ ಉಳಿದಿದೆ. ತಂಗಿಗೆ ಗುರೆಳ್ಳು ಚಟ್ನಿಪುಡಿ ಮಾಡುವ ಕ್ರಮ ಹೇಳಿ ಕಳಿಸಲು ಹೊರಟಿದ್ದಿರಿ. ಉರಿ ಸಣ್ಣಗಿರಲಿ ಎನ್ನುವಷ್ಟರಲ್ಲಿ ಅಜ್ಜ ಒಳಗೆ ಬಂದರು. ನಿಮ್ಮ ಹೊಲಿಗೆ ಮಿಷನ್ನನ್ನು ನಿಮ್ಮನ್ನು ಕೇಳದೆ ತಮ್ಮ ತಂಗಿಗೆ ಕೊಟ್ಟುಬಂದಿರುವುದಾಗಿ ಹೇಳಿದರು. ಫೋನು ಬಂದ್ ಮಾಡುವುದನ್ನು ನೀವು ಮರೆತಿರಿ. "ಕೇಳಿದ್ರ ನಾನ ಕೊಡ್ತಿದ್ದಿಲ್ಲೇನ್ರೀ? ಒಂದು ಮಾತು ಕೇಳಬೇಕಿತ್ತಷ್ಟ!" ಎಂದು ನೀವು. "ಮೂರು ವರ್ಷಾತು, ಅದರ ಮ್ಯಾಲ ಬಟ್ಟಿ ಒಣಹಾಕೋದು ಬಿಟ್ರ ಏನ್ ಮಾಡೀಯ?" ಎಂದು ಅಜ್ಜ. ಆಮೇಲೆ ಮಿಷನ್ನು ಎಲ್ಲಿಯೋ ಹೋಯಿತು. ನಿಮ್ಮ ಅಣ್ಣನ ಮದುವೆಯಲ್ಲಿ ಯಾರಿಗೋ ಎಲೆ ಹಾಕದೆ ಬಿಟ್ಟಿದ್ದು ಬಂತು, ಆಸ್ಪತ್ರೆಗೆ ಯಾರು ಬರಲಿಲ್ಲ ಎಂಬುದು ಬಂತು, ಅತ್ತೆ ಅಂದಿದ್ದ ಒಂದು ಮಾತು ಬಂತು. ಒಬ್ಬರ ಮೇಲೊಬ್ಬರು ಮಾತಾಡಿದಿರಿ, ಒಬ್ಬರೂ ಇನ್ನೊಬ್ಬರನ್ನು ಕೇಳಲಿಲ್ಲ. ಹತ್ತನೇ ನಿಮಿಷದಲ್ಲಿ ಒಂದು ಪಾತ್ರೆ ಬಿತ್ತು. ಬಿತ್ತೋ ಬಿಸಾಡಿದಿರೋ ಗೊತ್ತಾಗುವುದಿಲ್ಲ. ಅದಾದ ಮೇಲೆ ಮೂವತ್ತೆಂಟು ಸೆಕೆಂಡು ಏನೇನೂ ಇಲ್ಲ. ಆಮೇಲೆ ತಾಟು ಇಟ್ಟ ಸಪ್ಪಳ. "ಅನ್ನ ಹಾಕ್ಲಾ?" ಎನ್ನುತ್ತೀರಿ ನೀವು. "ಹ್ಞೂಂ. ಸ್ವಲ್ಪ," ಎನ್ನುತ್ತಾರೆ ಅಜ್ಜ. ಅಲ್ಲಿಗೆ ಮುಗಿಯಿತು.

ಇದು ನಮ್ಮ ಊರಿನಲ್ಲಿ ಪಾಠ, ಅಜ್ಜಿ. ಮದುವೆ ಗೊತ್ತಾದ ಜೋಡಿಗಳನ್ನು ಕೂರಿಸಿ, ಹಿಂದಿನವರು ಎಷ್ಟು ಕೆಟ್ಟದಾಗಿ ಜಗಳ ಆಡುತ್ತಿದ್ದರು ನೋಡಿ ಎಂದು ಇದನ್ನು ಕೇಳಿಸುತ್ತಾರೆ. ಹುಡುಗರು ಬಿದ್ದು ಬಿದ್ದು ನಗುತ್ತಾರೆ. ನಾನೂ ನಕ್ಕಿದ್ದೆ. ನಿಮ್ಮ ವಂಶದವಳೆಂದು ಸ್ವಲ್ಪ ನಾಚಿಕೆಯೂ ಆಗಿತ್ತು. ಈಗ ಮೂವತ್ತೊಂಬತ್ತು ದಿನಗಳಿಂದ ಬೇರೆ ಕಾರಣಕ್ಕೆ ಕೇಳುತ್ತಿದ್ದೇನೆ. ಆ ಮೂವತ್ತೆಂಟು ಸೆಕೆಂಡಿನಲ್ಲಿ ಏನಾಯಿತು ಎಂಬುದು ನನಗೆ ಬೇಕು. ಯಾಕೆ ಬೇಕು ಎಂದರೆ, ನನ್ನ ಒಂದು ಸುಳ್ಳಿನಿಂದ ಜಂಬಯ್ಯ ಈ ಊರಿನಲ್ಲಿ ಕಟ್ಟುಬಿದ್ದಿದ್ದಾನೆ, ಮತ್ತು ಆ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಲು ನನಗೆ ನಾಳೆ ಮಧ್ಯಾಹ್ನದವರೆಗೆ ಮಾತ್ರ ಸಮಯವಿದೆ.

ಮೊದಲು ನಮ್ಮ ಪದ್ಧತಿ ಹೇಳಬೇಕು. ಗುಂಡಿಯಲ್ಲಿ ಮಾತು ಸುತ್ತುತ್ತದೆ. ಮೂರನೇ ಮೆಟ್ಟಿಲಿನಲ್ಲಿ ಕೂಗಿದ್ದು ಒಂಬತ್ತೂ ಮೆಟ್ಟಿಲಿಗೆ ಕೇಳಿಸಿ, ಎದುರಿನ ಗೋಡೆಗೆ ಬಡಿದು, ಕೂಗಿದವಳ ಕಿವಿಗೇ ವಾಪಸು ಬರುತ್ತದೆ. ಊರು ಕಟ್ಟಿದ ಮೊದಲ ವರ್ಷಗಳಲ್ಲಿ ಒಬ್ಬರ ಮನೆಯ ಜಗಳ ಹತ್ತು ಮನೆಗೆ ಹತ್ತಿ ಹೊಡೆದಾಟವಾಗುತ್ತಿತ್ತಂತೆ. ಹಾಗಾಗಿ ಮನೆಯಲ್ಲಿ ದನಿ ಏರಿಸುವುದು ಕೆರೆಗೆ ಉಗುಳಿದಷ್ಟೇ ತಪ್ಪು ಎಂದು ಮಾಡಿದರು. ಅದರ ಬದಲಿಗೆ ಬದಲುಬಾಯಿ ಎಂಬುದನ್ನು ತಂದರು. ಗಂಡ ಹೆಂಡತಿಗೆ ಮನಸ್ತಾಪ ಬಂದರೆ ಮೂರು ದಿನದೊಳಗೆ ಕೇಳುಕಟ್ಟೆಗೆ ಹೋಗಬೇಕು. ಪ್ರತಿ ಮೆಟ್ಟಿಲಿಗೂ ಅಂಥದೊಂದು ಕಲ್ಲಿನ ಕಟ್ಟೆ ಇದೆ, ಅಲ್ಲಿ ಹಿರಿಯಳೊಬ್ಬಳು ಕೂತಿರುತ್ತಾಳೆ, ಬೇಕಾದವರು ಬಂದು ಸುತ್ತ ಕೂರಬಹುದು. ಗಂಡ ಹೆಂಡತಿಯ ಸೆರಗಿನ ಬಟ್ಟೆ ಹೊದ್ದು, ತಾನೇ ಅವಳಾಗಿ ಅವಳ ಸಂಕಟ ಹೇಳಬೇಕು. ಹೆಂಡತಿ ಅವನ ಟವೆಲ್ಲು ಹೆಗಲಿಗೆ ಹಾಕಿಕೊಂಡು ಅವನಾಗಿ ಮಾತಾಡಬೇಕು. ತನ್ನದನ್ನು ತಾನು ಹೇಳಿಕೊಳ್ಳುವಂತಿಲ್ಲ. ಎದುರಿನವರು ಹೇಳಿದ್ದು ಸರಿಯಿದ್ದರೆ "ಹೌದು, ನನ್ನ ಮಾತೇ" ಎನ್ನಬೇಕು. ಇಲ್ಲದಿದ್ದರೆ "ಅಲ್ಲ" ಎನ್ನಬೇಕು, ಆಗ ಅವರು ತಿರುಗಿ ಹೇಳಬೇಕು. ಎರಡೂ ಕಡೆ ಹೌದು ಬಿದ್ದರೆ ಆಯಿತು. ಹಿರಿಯಳು ತೀರ್ಪು ಕೊಡುವುದಿಲ್ಲ, ಎದ್ದು ಹೋಗಿ ಉಣ್ಣಿರಿ ಎನ್ನುತ್ತಾಳೆ. ನೂರರಲ್ಲಿ ತೊಂಬತ್ತು ಜಗಳ ಅಲ್ಲೇ ಕರಗುತ್ತವೆ, ಸುಳ್ಳು ಹೇಳುವುದಿಲ್ಲ. ಗಂಡ ನಿಮ್ಮ ಸೆರಗು ಹೊದ್ದು "ದಿನಾ ನಾನ ಮೊದಲು ಏಳಬೇಕೇನು?" ಎಂದು ಅಳುಮುಖ ಮಾಡಿದರೆ ನಿಮಗೂ ನಗು ಬಂದೀತು.

ಇದರಲ್ಲಿ ಒಂದು ಕಟ್ಟುಪಾಡು ಇದೆ. ಮೂರು ಸಲ "ಅಲ್ಲ" ಎನಿಸಿಕೊಂಡವನು ಹೆಂಡತಿಯನ್ನು ತಿಳಿಯದವನು. ಮನೆಯವರನ್ನೇ ತಿಳಿಯದವನು ಅವರನ್ನು ಬಿಟ್ಟು ಊರು ದಾಟುವಂತಿಲ್ಲ. "ಅಲ್ಲ" ಎಂದವರು ನಲವತ್ತು ದಿನದೊಳಗೆ ಕಟ್ಟೆಗೆ ಹೋಗಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳದಿದ್ದರೆ ಆ ಮಾತು ಗಟ್ಟಿಯಾಗಿಬಿಡುತ್ತದೆ.

ಕಡಲಗೋಡೆಯಿಂದ ಜಂಬಯ್ಯನಿಗೆ ಕರೆ ಬಂದಿದ್ದು ಹಿಂದಿನ ತಿಂಗಳು. ಪಡುವಣ ಕರಾವಳಿಯ ಉದ್ದಕ್ಕೂ ಸಮುದ್ರವನ್ನು ತಡೆಯಲು ಕಟ್ಟಿರುವ ಗೋಡೆಗೆ ಕಡಲಗೋಡೆ ಎನ್ನುತ್ತೇವೆ. ಅಲ್ಲಿನ ದೊಡ್ಡ ಪಂಪುಗಳಿಗೆ ಕೈ ಪಳಗಿದವರು ಬೇಕಿತ್ತು. ಏಳು ವರ್ಷದ ಕೆಲಸ, ನಡುವೆ ಬರುವಂತಿಲ್ಲ, ಮನೆಯವರನ್ನು ಕರೆದೊಯ್ಯುವಂತಿಲ್ಲ. ಐವತ್ತೈದು ವರ್ಷದ ಮನುಷ್ಯ, ಹುಟ್ಟಿದಾಗಿನಿಂದ ಕೆಂಪು ನೀರು ಬಿಟ್ಟರೆ ಬೇರೆ ನೀರು ಕಂಡವನಲ್ಲ. ಆ ದಿನ ಅವನ ಮುಖ ನೀವು ನೋಡಬೇಕಿತ್ತು. ನಾನು ಹೋಗಬೇಡ ಎಂದೆ. ಯಾಕೆ ಎಂದ. ಹೋಗಬೇಡ ಅಷ್ಟೇ ಎಂದೆ. ಇಬ್ಬರೂ ಮೆಲ್ಲಗೆ, ಪಕ್ಕದ ಮನೆಗೆ ಕೇಳಿಸದಂತೆ ಮಾತಾಡಿದೆವು. ಮೂರನೇ ದಿನ ಕಟ್ಟೆಗೆ ಹೋದೆವು.

ನಮ್ಮ ಮೆಟ್ಟಿಲಿನ ಹಿರಿಯಳು ಫಕೀರಮ್ಮ. ಎಂಬತ್ತು ದಾಟಿದೆ, ಕಿವಿ ಮಾತ್ರ ಮೊಲದ್ದು. ಸುತ್ತ ಹದಿನೈದು ಇಪ್ಪತ್ತು ಜನ ಇದ್ದರು. ನಾನು ಅವನ ಟವೆಲ್ಲು ಹಾಕಿಕೊಂಡು ಸಮುದ್ರ ನೋಡಬೇಕು, ಸಾಯುವ ಮೊದಲು ದೊಡ್ಡ ಪಂಪಿಗೆ ಕೈ ಹಚ್ಚಬೇಕು ಎಂದೆಲ್ಲ ಹೇಳಿದೆ. ಅವನು ತಟ್ಟನೆ ಹೌದು ಎಂದ. ಆಮೇಲೆ ನನ್ನ ಸೆರಗು ಹೊದ್ದ. ಮುಂಗೈಯಿಂದ ಹಣೆಯ ಮೇಲಿನ ಕೂದಲು ಸರಿಸಿಕೊಂಡ, ಥೇಟ್ ನನ್ನ ಹಾಗೆ. ಆಮೇಲೆ ಹೇಳಿದ: "ನೀ ಹ್ವಾದ್ರ ನನಗ ಅಳು ಬರಂಗಿಲ್ಲ. ಮನಿ ಹಗೂರ ಆದಂಗ ಅನಿಸ್ತೈತಿ. ಹಂಗ ಅನಿಸಿಬಿಟ್ರ ಮುಂದೇನು ಅಂತ ಅಂಜಿಕಿ ಬಂದೈತಿ. ಅದಕ್ಕ ಹೋಗಬ್ಯಾಡ ಅಂತೀನಿ."

ಅಜ್ಜಿ, ಅದು ನಿಜ. ಅಕ್ಷರಕ್ಕೆ ಅಕ್ಷರ ನಿಜ. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ, ನನಗೆ ನಾನೂ ಅಷ್ಟು ಬಿಚ್ಚಿ ಹೇಳಿಕೊಂಡಿರಲಿಲ್ಲ. ಕರೆ ಬಂದ ದಿನ ಅವನು ಪಂಪ್‌ಮನೆಗೆ ಹೋದ ಮೇಲೆ ಖಾಲಿ ಮನೆಯಲ್ಲಿ ನಿಂತು ಏಳು ವರ್ಷ ಎಂದುಕೊಂಡಿದ್ದೆ. ಆಗ ಎದೆಯಲ್ಲಿ ಏನೋ ಸಡಿಲಾಯಿತು. ಅದರಿಂದಲೇ ಹೆದರಿದ್ದೆ. ಮೂವತ್ತು ವರ್ಷ ಕೂಡಿ ಬಾಳಿದವನ ಬಗ್ಗೆ ಹಾಗೆ ಅನಿಸುವ ಹೆಂಗಸು ಎಂಥವಳು? ಈಗ ಅದು ಇಪ್ಪತ್ತು ಜನರೆದುರು ಅವನ ಬಾಯಿಂದ ಬಂತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು "ಅಲ್ಲ" ಎಂದೆ. "ತಿರುಗಿ ಹೇಳಪ," ಎಂದಳು ಫಕೀರಮ್ಮ. ಅವನು ಅದನ್ನೇ ಹೇಳಿದ, ಒಂದು ಮಾತೂ ಬದಲಿಸಲಿಲ್ಲ. ಅಲ್ಲ ಎಂದೆ. ಮೂರನೇ ಸಲವೂ ಅದನ್ನೇ ಹೇಳಿದ, ನನ್ನ ಕಣ್ಣಲ್ಲಿ ಕಣ್ಣಿಟ್ಟು. ಅಲ್ಲ ಎಂದೆ. ಅವನು ಸೆರಗು ಮಡಚಿ ನನ್ನ ತೊಡೆಯ ಮೇಲಿಟ್ಟು ಎದ್ದು ಹೋದ. ಮಾರನೆಯ ದಿನದಿಂದ ಜನ ಅವನನ್ನು ನೋಡುವ ರೀತಿಯೇ ಬದಲಾಯಿತು. ಪಂಪ್‌ಮನೆಗೆ ಬಂದವರು ನೀರು ಹಿಡಿದುಕೊಂಡು ಮಾತಿಲ್ಲದೆ ಹೋಗುತ್ತಿದ್ದರು. ಅವನು ನನ್ನ ಮುಂದೆ ಒಂದು ಚಕಾರ ಎತ್ತಲಿಲ್ಲ.

ನನ್ನ ತಲೆಗೆ ಹುಳ ಹೊಕ್ಕಿದ್ದು ಆಗ. ಇವನಿಗೆ ಹೇಗೆ ಗೊತ್ತಾಯಿತು? ಮೊದಲು ಫಕೀರಮ್ಮನ ಮೇಲೆ ಅನುಮಾನ ಬಂತು, ಆಕೆಗೆ ನಾನು ಏನೂ ಹೇಳಿರದಿದ್ದರೂ. ಆಮೇಲೆ ಬಾಯಿಗುರುಗಳ ಮೇಲೆ. ನಮ್ಮ ಪದ್ಧತಿಗೆ ಹತ್ತಿದ ಗೆದ್ದಲು ಅವರು. ಗಂಡನಂತೆ ಹೆಂಡತಿಯಂತೆ ಮಾತಾಡಲು ಕದ್ದು ಹೇಳಿಕೊಡುತ್ತಾರೆ, ಕಟ್ಟೆಯಲ್ಲಿ ಹೌದು ಗಿಟ್ಟಿಸುವ ಉಪಾಯ ಕಲಿಸುತ್ತಾರೆ. ಎರಡನೇ ಮೆಟ್ಟಿಲಿನಲ್ಲಿ ಅಂಥವಳೊಬ್ಬಳು ಇದ್ದಾಳೆಂದು ಸುದ್ದಿ. ಯಾವುದೋ ಹೆಂಗಸಿನೆದುರು ಕೂತು ಇವನು ನನ್ನ ಒಳಗನ್ನೆಲ್ಲ ಬಿಡಿಸಿಟ್ಟಿರಬೇಕು, ಅವಳು ಅದರಿಂದ ಈ ಮಾತು ಹೆಕ್ಕಿ ಕೊಟ್ಟಿರಬೇಕು ಎನಿಸಿತು. ಅವನ ಅಂಗಿ ಮೂಸಿದೆ. ಬರೀ ಪಂಪಿನ ಎಣ್ಣೆಯ ವಾಸನೆ. ಅವನು ಚಪ್ಪಲಿ ಬಿಡುವುದನ್ನು ನೋಡಿದೆ. ಒಂದು ಹೊಸ್ತಿಲ ಹೊರಗೆ, ಒಂದು ಒಳಗೆ, ಎಂದಿನ ಹಾಗೆ. ಏನೂ ಬದಲಾಗದೆ ಇರುವುದೇ ನನಗೆ ಇನ್ನಷ್ಟು ಅನುಮಾನ ತಂದಿತು.

ಮೊನ್ನೆ ಮಧ್ಯಾಹ್ನ ಪಂಪ್‌ಮನೆಯ ಮೇಲಿನ ಇಳಿಜಾರಿನಲ್ಲಿ ಹಾಳೆ ಹೊಲಿಯುತ್ತಿದ್ದೆ. ನಡುಹಗಲಿನಲ್ಲಿ ಬಿಸಿಲು ಜೋರಾದ್ದರಿಂದ ಪಂಪು ತುಂಬು ವೇಗದಲ್ಲಿ ತಿರುಗುತ್ತದೆ. ಆ ಗದ್ದಲದಲ್ಲಿ ಎಷ್ಟು ಕೂಗಿದರೂ ಮಾತು ಬಾಗಿಲ ಸಂದಿ ದಾಟುವುದಿಲ್ಲ, ಗುಂಡಿಯಲ್ಲಿ ಮಾತು ಸುತ್ತದ ಜಾಗ ಅದೊಂದೇ. ಮೇಲಿನಿಂದ ಬೆಳಕಿಂಡಿಯಲ್ಲಿ ನೋಡಿದರೆ ಜಂಬಯ್ಯ ಒಳಗೆ ಕೈ ಬೀಸುತ್ತ ಯಾರಿಗೋ ಏನೋ ಹೇಳುತ್ತಿದ್ದ. ಕೂಗುತ್ತಿದ್ದ ಎಂದು ಅವನ ಕತ್ತಿನ ನರ ಹೇಳುತ್ತಿತ್ತು. ಮೂವತ್ತು ವರ್ಷದಲ್ಲಿ ನಾನು ಅವನು ಕೂಗಿದ್ದು ಕಂಡಿಲ್ಲ. ಆಮೇಲೆ ಅವನು ಅರ್ಧ ತಿರುಗಿ ಸುಮ್ಮನಾದ, ಎದುರಿನವಳು ಉತ್ತರ ಕೊಡುತ್ತಿರುವಂತೆ. ಇದ್ದಾಳೆ, ಒಳಗೇ ಇದ್ದಾಳೆ ಎಂದುಕೊಂಡು ಸೂಜಿಯನ್ನು ಹಾಳೆಯಲ್ಲೇ ಬಿಟ್ಟು ಇಳಿದೆ. ಅವಳ ಜಡೆ ಹಿಡಿದು ಎಳೆಯುವುದೋ, ಇವನ ಮುಖಕ್ಕೆ ಉಗಿಯುವುದೋ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಬಾಗಿಲ ಸಂದಿಗೆ ಕಿವಿ ಕೊಟ್ಟೆ.

ಒಳಗೆ ಇದ್ದವಳು ನಾನು.

ಒಳಗೆ ಅವನೊಬ್ಬನೇ ಇದ್ದ. ಒಮ್ಮೆ ತಾನಾಗಿ ಕೂಗುತ್ತಿದ್ದ, ಒಮ್ಮೆ ಮುಂಗೈಯಿಂದ ಕೂದಲು ಸರಿಸಿಕೊಂಡು ನಾನಾಗಿ ಉತ್ತರ ಕೊಡುತ್ತಿದ್ದ. "ನಾ ಮಾಡಿದ್ದು ಯಾವುದಾರ ನಿನಗ ಸರಿ ಬಂದೈತೇನು?" ಎಂದು ಅವನು. ಕೂಡಲೇ ನನ್ನ ದನಿಯಲ್ಲಿ: "ಒಂದು ಬಂದೈತಿ. ಹೊಸ್ತಿಲ ಹೊರಗ ಚಪ್ಪಲಿ ಬಿಡ್ತೀ. ಅದೂ ಒಂದ ಬಿಡ್ತೀ." ಹಾಗೆಂದು ತಾನೇ ಬಿದ್ದು ನಕ್ಕ. ಹೊಟ್ಟೆ ಹಿಡಿದುಕೊಂಡು, ಪಂಪಿನ ಕಂಬಕ್ಕೆ ಒರಗಿ, ಕಣ್ಣೊರೆಸಿಕೊಂಡು ನಕ್ಕ. ಆ ನಗೆಯನ್ನು ನಾನು ಮನೆಯಲ್ಲಿ ಒಂದು ದಿನವೂ ಕೇಳಿಲ್ಲ. ಆಮೇಲೆ ಮತ್ತೆ ಜಗಳ ಶುರು. ಅವಳು, ಅಂದರೆ ಅವನ ಬಾಯಿಯ ನಾನು, ನನಗಿಂತ ಚುರುಕು, ನನಗಿಂತ ಧೈರ್ಯದವಳು. ನಾನು ನುಂಗಿದ್ದನ್ನೆಲ್ಲ ಅವಳು ಆಡುತ್ತಿದ್ದಳು. ನೀನು ಹೋದರೆ ಮನೆ ಹಗುರ ಆದೀತು ಎಂದು ಅವಳು ಎಷ್ಟೋ ದಿನದ ಹಿಂದೆ ಅವನಿಗೆ ಹೇಳಿರಬೇಕು, ಅವನು ಕೂಗಾಡಿರಬೇಕು, ಆಮೇಲೆ ಇಬ್ಬರೂ ನಕ್ಕಿರಬೇಕು. ಎಷ್ಟು ವರ್ಷದಿಂದ ಇದು ನಡೆದಿದೆಯೋ ದೇವರೇ ಬಲ್ಲ. ಮನೆಯಲ್ಲಿ ಮೆತ್ತಗಿರುವ ಗಂಡ ಮಧ್ಯಾಹ್ನದ ಹೊತ್ತು ಇಲ್ಲಿ ಬಂದು ಇನ್ನೊಬ್ಬಳ ಜೊತೆ ಸಂಸಾರ ಮಾಡುತ್ತಿದ್ದ. ನನಗೆ ನಾನೇ ಸವತಿಯಾಗಿದ್ದೆ. ಜಡೆ ಹಿಡಿದು ಎಳೆಯಬೇಕೆಂದರೆ ನನ್ನದೇ ಜಡೆ.

ಬಾಗಿಲು ತಟ್ಟದೆ ವಾಪಸು ಬಂದೆ. ಹೊಟ್ಟೆಕಿಚ್ಚು ಎಂದರೆ ಏನೆಂದು ಆ ದಿನ ಗೊತ್ತಾಯಿತು, ಅಜ್ಜಿ. ಮನೆಗೆ ಬಂದು ನಿಮ್ಮ ಫೋನು ಹಚ್ಚಿ ಕೂತೆ. ನಿಮ್ಮ ಮೇಲೂ ನನಗೆ ಅನುಮಾನವಿದೆ, ಮುಚ್ಚಿಡುವುದಿಲ್ಲ. ಆ ಮೂವತ್ತೆಂಟು ಸೆಕೆಂಡಿನಲ್ಲಿ ಸೋತವರು ಯಾರು? ಅನ್ನ ಹಾಕ್ಲಾ ಎಂದವರು ನೀವು, ಹಾಗಾಗಿ ನುಂಗಿಕೊಂಡವರೂ ನೀವೇ ಇರಬೇಕು ಎಂದು ನಾಲ್ಕು ಸಲ ಕೇಳಿದಾಗಲೂ ಅಂದುಕೊಂಡೆ. ದಿನವೂ ನೀವೇ ನುಂಗುತ್ತಿದ್ದಿರೋ ಏನೋ. ಇಲ್ಲ, ಆ "ಸ್ವಲ್ಪ" ಎಂಬ ಮಾತಿನಲ್ಲಿ ಅಜ್ಜನ ದನಿ ಸ್ವಲ್ಪ ನಡುಗುತ್ತದೆ, ಅವರೇ ಮೆತ್ತಗಾದರು ಎಂದು ಐದನೇ ಸಲ ಅನಿಸಿತು. ಕಣ್ಣಲ್ಲೇ ಏನಾದರೂ ಆಯಿತೋ, ಬಿದ್ದ ಪಾತ್ರೆಯನ್ನು ಇಬ್ಬರೂ ಒಟ್ಟಿಗೆ ಎತ್ತಲು ಬಗ್ಗಿದಿರೋ, ಸುಮ್ಮನೆ ಹಸಿವಾಯಿತೋ! ಒಂದು ಮಾತ್ರ ಖಂಡಿತ. ನಿಮ್ಮಿಬ್ಬರಲ್ಲಿ ಒಬ್ಬರೂ ಇನ್ನೊಬ್ಬರನ್ನು ಪೂರ್ತಿ ತಿಳಿದಿರಲಿಲ್ಲ. ನಮ್ಮ ಕಟ್ಟೆಯಲ್ಲಿ ಕೂತಿದ್ದರೆ ಮೂರಲ್ಲ, ಮೂವತ್ತು ಸಲ "ಅಲ್ಲ" ಎನ್ನಬೇಕಿತ್ತು. ಆದರೂ ಜಗಳ ಆಡಿದವರು ನೀವೇ, ಉಂಡವರೂ ನೀವೇ. ನಡುವೆ ಬೇರೆ ಯಾರೂ ಇರಲಿಲ್ಲ.

ಇವತ್ತು ಬೆಳಿಗ್ಗೆ ಅವನು ರೊಟ್ಟಿ ಮುರಿಯುತ್ತ ಕೂತಿದ್ದ. ಕಡಲಗೋಡೆಗೆ ಹೋಗುವವರ ಗಾಡಿ ನಾಡಿದ್ದು ಹೊರಡುತ್ತದೆ, ಹೆಸರು ಕೊಡಲು ನಾಳೆ ಕೊನೆ. ಅದನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಾನು ಚಟ್ನಿ ಬಡಿಸಿದೆ. ಬಡಿಸಿದವಳು ಅಲ್ಲೇ ನಿಂತು ಹೇಳಿಬಿಟ್ಟೆ, ಮೆಲ್ಲಗಲ್ಲ, ಪೂರಾ ಗಂಟಲಿನಲ್ಲಿ: "ಅಲ್ಲ ಅಂದಿದ್ದು ಸುಳ್ಳು! ಮೂರು ಸಲನೂ ಸುಳ್ಳು! ನೀ ಅಂದದ್ದ ಖರೆ!" ಎದುರಿನ ಗೋಡೆಯಿಂದ ಸುಳ್ಳು, ಸುಳ್ಳು, ಖರೆ ಎಂದು ವಾಪಸು ಬಂತು. ಬೀದಿಯಲ್ಲಿ ಬಾಗಿಲುಗಳು ತೆರೆದ ಸದ್ದು ಕೇಳಿಸಿತು. ಜಂಬಯ್ಯ ಹೌಹಾರಿ ಎದ್ದು ಕಿಟಕಿ ಮುಚ್ಚಲು ಹೋದ. "ಕಟ್ಟಿಗೆ ಹೋಗೂಣು ನಡಿ," ಎಂದ ಪಿಸುಮಾತಿನಲ್ಲಿ. "ಕಟ್ಟಿ ಬ್ಯಾಡ. ಪಂಪ್‌ಮನ್ಯಾಗ ಮಾತಾಡಿದಂಗ ಮಾತಾಡು," ಎಂದೆ.

ಅವನ ಮುಖ ಬೂದಿಯಾಯಿತು. ನನ್ನೆದುರು ತಾನಾಗಿ ಮಾತಾಡಿ ಅವನಿಗೆ ರೂಢಿಯೇ ಇಲ್ಲ. ಆಮೇಲೆ ಬಂತು ನೋಡಿ. "ಮೂರು ಸಲ! ಊರ ಮುಂದ ಮೂರು ಸಲ ನನ್ನ ಹೆಂಡ್ತೀನ ತಿಳೀದಾಂವ ಅನ್ನಿಸಿದಿ! ನಿನ್ನಷ್ಟು ನಾ ಯಾರನ್ನ ತಿಳಕೊಂಡೀನಿ?" ಎಂದು ಕೂಗಿದ. "ಹ್ಞೂಂ ಅಂದಿದ್ರ ಊರ ಮುಂದ ನಾ ಏನಾಗ್ತಿದ್ದೆ?" ಎಂದು ನಾನು ಕೂಗಿದೆ. "ಸುಳ್ಳು ಹೇಳಿ ಏನಾದಿ?" ಎಂದ. ನಾನು ಬೇರೆ ಕಡೆಯಿಂದ ಹಿಡಿದೆ. ನನಗೆ ಹೇಳಬೇಕಾದದ್ದನ್ನು ಗೋಡೆಗೆ ಹೇಳಿಕೊಂಡು ನಗುವ ಗಂಡಸು ಎಂದೆ. ನನ್ನ ಅಪ್ಪ ತೀರಿದಾಗ ಕಟ್ಟೆಯಲ್ಲಿ ನನ್ನ ಸೆರಗು ಹೊದ್ದು ನನಗಿಂತ ಚೆನ್ನಾಗಿ ಅತ್ತವನು ಮನೆಯಲ್ಲಿ ಒಂದು ಹನಿ ಹಾಕಲಿಲ್ಲ ಎಂದೆ. ಅವನು ತಾನು ಜ್ವರದಲ್ಲಿ ಮಲಗಿದ್ದಾಗ ನಾನು ಹಾಳೆ ಹೊಲಿಯಲು ಹೋದದ್ದನ್ನು ತೆಗೆದ. ನಾನು ಸುಮ್ಮನಿರಲಿಲ್ಲ, ಅವನೂ ಇರಲಿಲ್ಲ. ಒಂಬತ್ತು ಮೆಟ್ಟಿಲೂ ಕೇಳಿತು. ಫಕೀರಮ್ಮ ಬೀದಿಯಲ್ಲಿ ಕೋಲೂರಿ ನಿಂತು, "ಏ, ಸಾಕು ಬಿಡ್ರಿ, ಕಟ್ಟಿಗೆ ಬರ್ರಿ," ಎಂದು ಎರಡು ಸಲ ಕರೆದಳು. ಮೂರನೇ ಸಲ ಕರೆಯಲಿಲ್ಲ. ಕೊನೆಗೆ ನಾನು, "ನಾಳೆ ಹೋಗಿ ನನ್ನ ಮಾತು ಹಿಂದಕ್ಕ ತಗೋತೀನಿ. ನೀ ಹೋಗ್ತಿಯೋ ಇಲ್ಲೋ?" ಎಂದೆ. "ಗೊತ್ತಿಲ್ಲ," ಎಂದ. ಆ ಮಾತು ಅವನದ್ದೇ. ಹೊಸ್ತಿಲ ಮೇಲೆ ನನಗೆ ಬೆನ್ನು ಹಾಕಿ ಕೂತ.

ನಾನು ಕಾಗದ ಬರೆಯಲು ಕೂತೆ. ನಿಮ್ಮ ಮೂವತ್ತೆಂಟು ಸೆಕೆಂಡಿನೊಳಗೆ ಈಗ ನಾನಿದ್ದೇನೆ, ಆದರೆ ನನ್ನದು ಆಗಲೇ ಒಂದು ತಾಸಿನ ಮೇಲಾಯಿತು. ಇಲ್ಲಿ ಏನು ಮಾಡಬೇಕೆಂದು ನಮಗೆ ಯಾರೂ ಕಲಿಸಿಲ್ಲ. ಹೊರಗೆ ಊರು ಕಿವಿ ನಿಮಿರಿಸಿ ಕಾದಿದೆ. ಅವನು ಹೋದರೆ ನಾನು ಅಳುವುದಿಲ್ಲ ಎಂಬುದು ಈಗಲೂ ನಿಜವೇ. ಆದರೆ ಆ ಬೆನ್ನು ನೋಡುತ್ತ ಕೂತರೆ ಇನ್ನೊಂದೂ ನಿಜ ಅನಿಸುತ್ತಿದೆ. ಈ ಮನುಷ್ಯನ ಜೊತೆ ನಾನು ಇವತ್ತು ಬೆಳಿಗ್ಗೆಯಿಂದ ಸಂಸಾರ ಶುರು ಮಾಡಿದ್ದೇನೆ, ಅವನು ನಾಡಿದ್ದು ಹೋಗಿಬಿಡಬಹುದು. ನನಗೆ ಅದು ಸಹಿಸಲು ಆಗುತ್ತಿಲ್ಲ.

ಈಗಷ್ಟೇ ಒಂದು ಸಂಗತಿ ಆಯಿತು, ಬರೆದುಬಿಡುತ್ತೇನೆ. ಅವನ ಚಪ್ಪಲಿ ಕಣ್ಣಿಗೆ ಬಿತ್ತು, ಒಂದು ಹೊರಗೆ, ಒಂದು ಒಳಗೆ. ನನಗೆ ತಡೆಯಲಾಗಲಿಲ್ಲ. "ಕಡಲಗ್ವಾಡಿಗೆ ಹೋಗ್ತಿದ್ರ ಎರಡೂ ಒಯ್ಯಿ. ಒಂದ್ನ ಇಲ್ಲಿಟ್ಟು 'ಏಳು ವರ್ಷ ಇದನ್ನ ಕಾಯಿ' ಅಂತ ನನಗ ಅನ್ನಬ್ಯಾಡ," ಎಂದೆ. ಬೆನ್ನು ಅಲುಗಿತು. ಅಳುತ್ತಿದ್ದಾನೆ ಎಂದುಕೊಂಡೆ. ಅಲ್ಲ, ನಗುತ್ತಿದ್ದ. ಅದೇ ನಗೆ, ಬಾಗಿಲ ಕಂಬಕ್ಕೆ ಒರಗಿ, ಕಣ್ಣೊರೆಸಿಕೊಂಡು. ಗುಂಡಿಯೆಲ್ಲ ಸುತ್ತಿ ಆ ನಗೆ ನನ್ನ ಕಿವಿಗೆ ಎರಡು ಸಲ ಬಂತು. ನನಗೆ ಜೀವ ತುಂಬಿ ಬಂತು, ಅದರ ಹಿಂದೆಯೇ ಅನುಮಾನವೂ ಬಂತು, ನನ್ನ ಹಣೆಬರಹ. ಅವನು ನಕ್ಕಿದ್ದು ನನಗೋ ಅವಳಿಗೋ? ಅವಳು ಹೇಳಬಹುದಾಗಿದ್ದ ಮಾತನ್ನೇ ನಾನು ಹೇಳಿದೆನಲ್ಲ. ಹೋಗುವುದಾದರೆ ಅವಳನ್ನು ಜೊತೆಗೆ ಕರೆದುಕೊಂಡು ಹೋಗಬಾರದು, ಇಲ್ಲೇ ನನ್ನ ಹತ್ತಿರ ಬಿಟ್ಟು ಹೋಗಬೇಕು ಎಂದು ಕೇಳಲೇಬೇಕು. ನನಗೆ ಅವಳಿಂದ ಕಲಿಯುವುದು ಬಹಳ ಇದೆ.

ಅಜ್ಜಿ, ಆ ಮೂವತ್ತೆಂಟು ಸೆಕೆಂಡಿನಲ್ಲಿ ಏನು ಮಾಡಿದಿರಿ ಎಂದು ಕೇಳಲೆಂದೇ ಈ ಕಾಗದ ಹಿಡಿದಿದ್ದೆ. ಈಗ ಕೈ ಮುಗಿದು ಬೇರೊಂದು ಬೇಡುತ್ತೇನೆ. ದಯವಿಟ್ಟು ಹೇಳಬೇಡಿ. ನನಗೆ ಮಾತ್ರವಲ್ಲ, ಯಾರಿಗೂ ಹೇಳಬೇಡಿ, ಎಲ್ಲಿಯೂ ಬರೆದಿಡಬೇಡಿ. ನಮ್ಮವರನ್ನು ನಾನು ಬಲ್ಲೆ. ನೀವು ಒಂದು ಮಾತು ಬಾಯಿಬಿಟ್ಟರೆ ಸಾಕು, ಇವರು ಅದಕ್ಕೊಂದು ಹೆಸರಿಟ್ಟು, ಒಂದು ಕಟ್ಟೆ ಕಟ್ಟಿ, ಎಷ್ಟು ಸೆಕೆಂಡು ಸುಮ್ಮನಿರಬೇಕು, ಯಾರು ಮೊದಲು ತಾಟು ಇಡಬೇಕು ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಾರೆ. ಅದೊಂದಾದರೂ ನಿಮ್ಮಿಬ್ಬರದ್ದಾಗಿಯೇ ಉಳಿಯಲಿ.

"ಉಣ್ಣಾಕ ಏನಾರ ಐತೇನು?" ಎಂದು ಹೊಸ್ತಿಲಿನಿಂದ ಕೇಳುತ್ತಿದ್ದಾನೆ. ದನಿ ಅವನದ್ದೇ. ಇಷ್ಟಕ್ಕೆ ನಿಲ್ಲಿಸುತ್ತೇನೆ.

ನಿಮ್ಮ ನೀಲಗಂಗಾ